ತೊಟ್ಟಿಲಿಗೆ ದಿಂಬು ಬೇಡ, ಬಂಪರ್ ಅಂತೂ ಬೇಡವೇ ಬೇಡ

ಯಶವಂತಪುರದ ಫುಟ್‌ಪಾತಿನಿಂದ ಹೆಬ್ಬಾಳದ ಮಾಲ್‌ವರೆಗೆ ಎಲ್ಲಿ ಹೋದರೂ ಮಗುವಿನ ಹಾಸಿಗೆ ಸಿಗೋದು ‘ಸೆಟ್’ ಆಗಿಯೇ. ಮೆತ್ತನೆ ಹಾಸಿಗೆ, ತಲೆಗೊಂದು ದಿಂಬು, ಎಡಬಲಕ್ಕೆ ಎರಡು ಉದ್ದ ದಿಂಬು, ಹೊದೆಯೋಕೆ ಕ್ವಿಲ್ಟ್. ಇನ್ನಷ್ಟು ದುಡ್ಡು ಕೊಟ್ಟರೆ ತೊಟ್ಟಿಲ ಕಂಬಿಗಳ ಸುತ್ತ ಕಟ್ಟುವ ಬಂಪರ್. ಬಾಣಂತಿ ನೋಡಲು ಹೋಗುವವರಿಗೆ ಇದು ಸಲೀಸಾದ ಉಡುಗೊರೆ. ಕಷ್ಟ ಏನಂದ್ರೆ, ಮಲಗಿದ ಮಗುವಿನ ಹತ್ತಿರ ಇರಬಾರದ ವಸ್ತುಗಳೇ ಈ ಸೆಟ್ಟಿನಲ್ಲಿ ಹೆಚ್ಚು.

ಕಾರಣ ಸರಳ ಮೆಕ್ಯಾನಿಕ್ಸ್. ಎಳೆ ಮಗುವಿಗೆ ದೇಹದ ಅಳತೆಗೆ ಹೋಲಿಸಿದರೆ ತಲೆ ಭಾರ, ಕುತ್ತಿಗೆಯಲ್ಲಿ ಬಲವಿಲ್ಲ. ದಿಂಬಿಟ್ಟರೆ ಗದ್ದ ಎದೆಯ ಕಡೆ ಬಾಗಿ, ಮಡಚಿದ ಪೈಪಿನ ಹಾಗೆ ಉಸಿರಿನ ದಾರಿ ಕಿರಿದಾಗುತ್ತದೆ. ಮೆತ್ತನೆ ಬಟ್ಟೆಗೆ ಮುಖ ಒತ್ತಿಕೊಂಡರೆ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ನಾವಾದರೆ ಮಗ್ಗುಲು ಬದಲಿಸುತ್ತೇವೆ. ಎರಡು ತಿಂಗಳ ಕೂಸಿಗೆ ಅದಾಗಲ್ಲ. ಅಳೋಕೂ ಉಸಿರು ಬೇಕಲ್ಲ, ಹಾಗಾಗಿ ಪಕ್ಕದಲ್ಲಿದ್ದವರಿಗೂ ಗೊತ್ತಾಗದೇ ಹೋಗಬಹುದು.

ಅಮೆರಿಕ ಇದನ್ನು ಕಲಿತದ್ದು ಮಕ್ಕಳನ್ನು ಕಳೆದುಕೊಂಡು. ಅಲ್ಲಿ 1994ರಲ್ಲಿ ‘ಮಗುವನ್ನು ಅಂಗಾತ ಮಲಗಿಸಿ’ ಅನ್ನುವ ಅಭಿಯಾನ ಶುರುವಾದ ಮೇಲೆ ನಿದ್ದೆಯಲ್ಲಿನ ಹಠಾತ್ ಶಿಶುಸಾವು ಸುಮಾರು ಅರ್ಧಕ್ಕಿಳಿಯಿತು. 2019ರಲ್ಲಿ ಫಿಷರ್-ಪ್ರೈಸ್ ಕಂಪನಿ ಓರೆಯಾಗಿ ಮಲಗಿಸುವ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ವಾಪಸ್ ಕರೆಸಿಕೊಂಡಿತು. 2022ರಲ್ಲಿ ಬಂಪರ್ ಮತ್ತು 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ತೊಟ್ಟಿಲು, ಎರಡರ ಮಾರಾಟವನ್ನೂ ಕಾನೂನು ನಿಷೇಧಿಸಿತು. ನಮ್ಮಲ್ಲಿ 2021ರಿಂದ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಅಂದರೆ ಗಿಲಕಿಗೆ ಪರೀಕ್ಷೆ ಉಂಟು, ಅದರ ಪಕ್ಕದ ಬಂಪರ್‌ಗೆ ಅಂಥ ನಿಷೇಧವಿಲ್ಲ.

ಮನೆಯಲ್ಲಿ ಜಗಳ ಹತ್ತೋದು ಸಾಸಿವೆ ದಿಂಬಿನ ವಿಷಯಕ್ಕೆ. ತಲೆ ದುಂಡಗಾಗಲಿ ಅನ್ನೋದು ಅಜ್ಜಿಯ ಆಸೆ. ತಲೆಗೆ ಆಕಾರ ಕೊಡುವ ದಿಂಬುಗಳನ್ನು ಬಳಸಬೇಡಿ, ಉಸಿರುಗಟ್ಟುವ ಅಪಾಯವಿದೆ ಎಂದು ಅಮೆರಿಕದ ಎಫ್‌ಡಿಎ 2022ರಲ್ಲೇ ಎಚ್ಚರಿಸಿದೆ. ಅಜ್ಜಿಗೆ ಎಫ್‌ಡಿಎ ಹೆಸರು ಹೇಳಿ ಪ್ರಯೋಜನವಿಲ್ಲ, ಬೇರೆ ಕೆಲಸ ಒಪ್ಪಿಸಿ: ಎಚ್ಚರವಿದ್ದಾಗ ಮಗುವನ್ನು ಕಣ್ಣೆದುರೇ ಬೋರಲು ಮಲಗಿಸಿ ಆಡಿಸಲಿ. ತಲೆ ಚಪ್ಪಟೆಯಾಗದಿರಲು ವೈದ್ಯರು ಹೇಳುವುದೂ ಅದನ್ನೇ.

ಹಾಗಾದರೆ ಕೊಳ್ಳೋದೇನು? ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ಅಂಗೈಯಿಂದ ಒತ್ತಿ ಬಿಟ್ಟರೆ ತಕ್ಷಣ ಮೊದಲಿನಂತಾಗಬೇಕು. ಹಾಸಿಗೆಗೂ ತೊಟ್ಟಿಲ ಅಂಚಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬೇಡ. ಮೇಲೆ ಬಿಗಿಯಾಗಿ ಕೂರುವ ಹತ್ತಿ ಹಾಸು ಒಂದೇ. ಯಲಹಂಕದ ಡಿಸೆಂಬರ್ ಚಳಿಗೆ ಹೊದಿಕೆ ಬದಲು ಮೈತುಂಬ ಬಟ್ಟೆ, ನಮಗಿಂತ ಒಂದು ಪದರ ಹೆಚ್ಚು ಸಾಕು. ಕುಲಾವಿ ಹೊರಗೆ ಹೋಗುವಾಗ ಇರಲಿ. ಮಲಗಿದಾಗ ಮುಖಕ್ಕೆ ಜಾರಬಹುದು, ಮೈಯ ಬಿಸಿಯೂ ಹೊರಹೋಗಲ್ಲ. ಸೊಳ್ಳೆ ಪರದೆ ಮಾತ್ರ ಬೇಕೇ ಬೇಕು, ಡೆಂಗಿ ಊರಿದು. ಆದರೆ ಅದು ಬಿಗಿಯಾಗಿ, ಮಗುವಿನ ಕೈಗೆ ಸಿಗದಷ್ಟು ದೂರ ಇರಲಿ. ಕೊಡೆಯಂತೆ ಮಡಚುವ ಪರದೆಯ ಜೊತೆ ಬರುವ ಮೆತ್ತನೆ ಹಾಸಿಗೆ, ದಿಂಬುಗಳನ್ನು ತೆಗೆದಿಡಿ. ಮೊದಲ ಆರು ತಿಂಗಳಾದರೂ ತೊಟ್ಟಿಲು ನಿಮ್ಮ ಕೋಣೆಯಲ್ಲೇ ಇರಬೇಕು.

ಇದೆಲ್ಲ ತೊಟ್ಟಿಲು ಕೊಳ್ಳಬಲ್ಲವರ ಮಾತಾಯ್ತು. ಥಣಿಸಂದ್ರ, ಜಕ್ಕೂರು ಕಡೆ ಏಳುತ್ತಿರುವ ಟವರ್‌ಗಳ ಪಕ್ಕದ ಶೆಡ್ಡುಗಳಲ್ಲಿ ಮಕ್ಕಳು ಮಲಗೋದು ಸೀರೆಯ ಜೋಲಿಯಲ್ಲಿ. ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಇಳಿಯುತ್ತದೆ. ತುಸು ದೊಡ್ಡ ಮಕ್ಕಳು ಅದರಲ್ಲಿ ಜೀಕುವಾಗ ಸೀರೆ ಕುತ್ತಿಗೆಗೆ ಸುತ್ತಿಕೊಂಡು ಸತ್ತ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿದೆ. ಆ ತಾಯಿಗೆ ‘ಗಟ್ಟಿ ಹಾಸಿಗೆ ಕೊಳ್ಳಮ್ಮ’ ಅನ್ನೋದು ಕ್ರೌರ್ಯ. ನೆಲದಲ್ಲಿ ಇರುವೆ, ಇಲಿ, ಸಿಮೆಂಟ್ ಧೂಳು. ಅವಳಿಗೆ ಜೋಲಿಯೇ ಸುರಕ್ಷಿತ ಅನ್ನಿಸೋದರಲ್ಲಿ ತಪ್ಪಿಲ್ಲ. 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಟ್ಟಡ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಬೆಳಕು, ಗಾಳಿಯಿರುವ ಕೋಣೆ ಇರಲೇಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಮುಂದಿನ ಸಲ ಆ ಕಡೆ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋದಾಗ, ಪಾರ್ಕಿಂಗ್ ಎಷ್ಟು ಅಂತ ಕೇಳುವಾಗಲೇ ಆ ಕೋಣೆ ಎಲ್ಲಿದೆ ಅಂತಲೂ ಕೇಳಿ.