ಕದಲದ ಕೈಯ ಗೆರೆ ಹಿಡಿಯುವ ಕೋಣೆ

ಬೆಂಗಳೂರಿನ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗ. ಹೊಸ್ತಿಲು ದಾಟಿದರೆ ಕಾಣುವುದು ಹಳೇ ಸಾಮಗ್ರಿಗಳೇ: ಹಿಡಿದು ನಡೆಯುವ ಜೋಡಿ ಕಂಬಿ, ಭುಜ ತಿರುಗಿಸಲು ಗೋಡೆಗೆ ಬಿಗಿದ ಚಕ್ರ, ರೆಕ್ಸಿನ್ ಹೊದಿಸಿದ ಮಂಚಗಳು. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಅವರ ಪಕ್ಕದಲ್ಲೇ ಕಾದು ಕೂತ ಮನೆಯವರು. ನಾನು ನೋಡಲು ಬಂದದ್ದು ಮೂಲೆಯ ಕೋಣೆಯನ್ನು. ಅಲ್ಲಿ ಒಂದು ಕುರ್ಚಿ, ಕಂಪ್ಯೂಟರ್, ಕಣ್ಣಿಗೆ ಕಟ್ಟುವ ವಿಆರ್ ಹೆಡ್‌ಸೆಟ್.

ಕುರ್ಚಿಯಲ್ಲಿ ವಯಸ್ಸಾದ ರೈತರೊಬ್ಬರಿದ್ದಾರೆ. ಲಕ್ವದಿಂದ ಬಲಗೈ ಸ್ವಾಧೀನ ತಪ್ಪಿದೆ. ಥೆರಪಿಸ್ಟ್ ಮೊದಲು ಮೊಣಕೈ ಕೆಳಗಿನ ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಎಣ್ಣೆ, ಬೆವರು ಉಳಿದರೆ ಸಂಕೇತ ಸರಿಯಾಗಿ ಸಿಗುವುದಿಲ್ಲ. ಬಳಿಕ ಮಣಿಕಟ್ಟು ಎತ್ತುವ ಸ್ನಾಯುವಿನ ಮೇಲೆ ಸುಮಾರು 2 ಸೆಂ.ಮೀ. ಅಂತರದಲ್ಲಿ ಎರಡು ಎಲೆಕ್ಟ್ರೋಡ್ ಅಂಟಿಸಿದರು. ಬೆರಳು ಮಡಚುವ ಸ್ನಾಯುವಿಗೆ ಇನ್ನೆರಡು. ಹೋಲಿಕೆಗೆಂದು ಮೊಣಕೈ ಮೂಳೆಯ ಮೇಲೊಂದು.

ಮೆದುಳಿನ ಅಪ್ಪಣೆ ನರದ ಮೂಲಕ ತಲುಪಿದಾಗ ಸ್ನಾಯುವಿನ ಎಳೆಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಚರ್ಮದ ಮೇಲೆ ಅಳೆದರೆ ಅದು ಕೆಲವೇ ಮಿಲಿವೋಲ್ಟ್, ಎಷ್ಟೋ ಸಲ ಅದಕ್ಕೂ ತೀರಾ ಕಡಿಮೆ. ಅದನ್ನು ಹಿಡಿಯುವ ವಿಧಾನವೇ ಇಎಂಜಿ. ಯಂತ್ರ ಆ ಸಂಕೇತವನ್ನು ಹಿಗ್ಗಿಸಿ, ಕರೆಂಟ್ ಲೈನಿನ 50 ಹರ್ಟ್ಜ್ ಗದ್ದಲ ಸೋಸಿ, ಪರದೆಯ ಮೇಲೆ ಗೆರೆಯಾಗಿ ಎಳೆಯುತ್ತದೆ.

"ತಾತ, ಮಣಿಕಟ್ಟು ಎತ್ತಿ ನೋಡೋಣ."

ಕೈ ಇದ್ದಲ್ಲೇ ಇತ್ತು. ಪರದೆಯ ಹಸಿರು ಗೆರೆ ಮಾತ್ರ ಒಂದಿಷ್ಟು ಎದ್ದು ಇಳಿಯಿತು. ಸ್ನಾಯುವಿಗೆ ಅಪ್ಪಣೆ ಹೋಗುತ್ತಿದೆ. ಕೈ ಎತ್ತುವಷ್ಟು ಬಲ ಸಾಲುತ್ತಿಲ್ಲ. ಆ ಏರಿಕೆಗಿಂತ ತುಸು ಕೆಳಗೆ ಥೆರಪಿಸ್ಟ್ ಮಿತಿ ಹಾಕಿದರು. ಅದನ್ನು ದಾಟಿದರೆ ಹೆಡ್‌ಸೆಟ್‌ನೊಳಗೆ ಕಾಣುವ ಕೈ ಎದ್ದು ಲೋಟ ಹಿಡಿಯುತ್ತದೆ. ಕೈ ಸುಧಾರಿಸಿದಂತೆ ಮಿತಿಯೂ ಮೇಲೇರುತ್ತದೆ.

ಆಟಕ್ಕೊಂದು ಷರತ್ತಿದೆ. ಲಕ್ವದ ನಂತರ ಬೆರಳು ಮಡಚುವ ಸ್ನಾಯು ಬಿಗಿದುಕೊಳ್ಳುವುದು ಸಾಮಾನ್ಯ. ಅದರ ಗೆರೆ ಕೆಂಪು. ಹಸಿರಿನ ಜೊತೆ ಕೆಂಪೂ ಜಿಗಿದರೆ ಲೋಟ ಬಿದ್ದುಹೋಗುತ್ತದೆ. "ಬಿಗಿ ಬಿಡಿ ತಾತ, ಭುಜ ಎತ್ತಬೇಡಿ" ಎನ್ನುತ್ತಾ ಥೆರಪಿಸ್ಟ್ ಅವರ ಭುಜದ ಮೇಲೆ ಅಂಗೈ ಇಟ್ಟೇ ಇದ್ದರು. ಅಲ್ಲಿ ಎಲೆಕ್ಟ್ರೋಡ್ ಇಲ್ಲ. ಭುಜ ಎತ್ತಿ, ಮೈ ವಾಲಿಸಿ ಕೆಲಸ ಸಾಗಿಸುವ ಅಡ್ಡದಾರಿ ಕಂಪ್ಯೂಟರಿಗೆ ತಿಳಿಯದು. ಅದು ಗೊತ್ತಾಗುವುದು ಆ ಅಂಗೈಗೆ.

ಕೈಯನ್ನೇ ಕಳೆದುಕೊಂಡವರಿಗೂ ಈ ವಿದ್ಯೆ ನೆರವಾಗಿದೆ. ಇಲ್ಲದ ಕೈ ನೋಯುವ ಬಾಧೆಗೆ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿ ಪೆಟ್ಟಿಗೆ ರೂಪಿಸಿದ್ದರು. ಕನ್ನಡಿಯಲ್ಲಿ ಕಾಣುವುದು ಇರುವ ಕೈಯ ಚಲನೆ. ಆದರೆ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಓರ್ಟಿಸ್ ಕ್ಯಾಟಲಾನ್ ತಂಡ ಉಳಿದ ತೋಳಿನ ಸ್ನಾಯು ಸಂಕೇತದಿಂದಲೇ ಪರದೆಯ ಮೇಲಿನ ಕೈಯನ್ನು ಆಡಿಸಿತು. 2016ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ 14 ಮಂದಿಗೆ 12 ಸಲ ಈ ಚಿಕಿತ್ಸೆ ಕೊಟ್ಟಾಗ ನೋವು, ಒಂದು ಅಳತೆಯಲ್ಲಿ, ಸರಾಸರಿ ಶೇ. 47ರಷ್ಟು ಇಳಿದಿತ್ತು. ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲವೆಂಬುದೂ ನೆನಪಿರಲಿ.

ಲಕ್ವದ ವಿಷಯದಲ್ಲಿ 2017ರ ಹೊತ್ತಿಗೆ ಪುರಾವೆ ಇನ್ನಷ್ಟು ಎಚ್ಚರಿಕೆ ಹೇಳುತ್ತಿತ್ತು. 72 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ಸಂಸ್ಥೆಯ ಆ ವರ್ಷದ ವಿಮರ್ಶೆ, ಕೈಯ ಚಲನೆಗೆ ವಿಆರ್ ಮಾಮೂಲಿ ವ್ಯಾಯಾಮಕ್ಕಿಂತ ಮೇಲಲ್ಲ ಎಂದಿತು. ವ್ಯಾಯಾಮದ ಜೊತೆ ಸೇರಿಸಿ ಒಟ್ಟು ಅಭ್ಯಾಸದ ಸಮಯ ಹೆಚ್ಚಿಸಿದಾಗ ಉಪಯೋಗವಾಗಬಹುದು ಎಂದೂ ಹೇಳಿತು.

ನಿಮ್ಮ ಮನೆಯವರನ್ನು ಇಂಥ ಕೇಂದ್ರಕ್ಕೆ ಕರೆದೊಯ್ದರೆ ಫಿಟ್ಸ್, ತಲೆಸುತ್ತು ಇದ್ದಲ್ಲಿ ಹೆಡ್‌ಸೆಟ್ ಕಟ್ಟುವ ಮೊದಲೇ ತಿಳಿಸಿ. ಹೆಡ್‌ಸೆಟ್ ಎಷ್ಟು ದುಬಾರಿಯದೆಂದು ವಿಚಾರಿಸಬೇಕಿಲ್ಲ. ಅದನ್ನು ಬಿಚ್ಚಿಟ್ಟ ಮೇಲೆ ಥೆರಪಿಸ್ಟ್ ಎಷ್ಟು ಹೊತ್ತು ಜೊತೆಗಿದ್ದು ವ್ಯಾಯಾಮ ಮಾಡಿಸುತ್ತಾರೆ ಎಂದು ಕೇಳಿ. ಹಳೇ ವ್ಯಾಯಾಮದ ಜೊತೆಗೆ ಈ ಆಟವಾದರೆ ಒಪ್ಪಿಕೊಳ್ಳಿ. ಅದರ ಬದಲಿಗೆ ಎಂದರೆ ಹೆಚ್ಚಿನ ಹಣ ಕೊಡಬೇಡಿ.