ಮೂತ್ರಪಿಂಡ ಕಾರ್ಯದ ರಕ್ತಸೂಚಕಗಳು

ಮೂತ್ರಪಿಂಡ ಕಾರ್ಯದ ರಕ್ತಸೂಚಕಗಳು ಎಂದರೆ ಮೂತ್ರಪಿಂಡಗಳು ರಕ್ತವನ್ನು ಎಷ್ಟರಮಟ್ಟಿಗೆ ಶೋಧಿಸುತ್ತಿವೆ ಎಂಬುದನ್ನು ಅಂದಾಜು ಮಾಡಲು ರಕ್ತದಲ್ಲಿ ಅಳೆಯುವ ಪದಾರ್ಥಗಳು. ಕ್ರಿಯಾಟಿನಿನ್, ಯೂರಿಯ ಮತ್ತು ಸಿಸ್ಟಾಟಿನ್ ಸಿ ಇವುಗಳಲ್ಲಿ ಮುಖ್ಯವಾದವು. ಶೋಧನಶಕ್ತಿ ಕುಗ್ಗಿದಂತೆ ಇವು ರಕ್ತದಲ್ಲಿ ಹೆಚ್ಚುತ್ತವೆ. ಆದರೆ ವಯಸ್ಸು, ಮೈಕಟ್ಟು, ಆಹಾರ ಮತ್ತು ದುಡಿಮೆಗಳೂ ಇವುಗಳ ಪ್ರಮಾಣವನ್ನು ಬದಲಿಸಬಲ್ಲವು.

ಕ್ರಿಯಾಟಿನಿನ್

ಇದು ಸ್ನಾಯುಗಳಲ್ಲಿನ ಕ್ರಿಯಾಟಿನ್‌ನಿಂದ ಉತ್ಪತ್ತಿಯಾಗುವ ತ್ಯಾಜ್ಯ. ಪಿಕ್ರಿಕ್ ಆಮ್ಲದೊಡನೆ ಇದು ಕಿತ್ತಳೆಗೆಂಪು ಬಣ್ಣ ಕೊಡುವುದನ್ನು 1886ರಲ್ಲಿ ಮ್ಯಾಕ್ಸ್ ಯಾಫೆ ವಿವರಿಸಿದರು. ಅದನ್ನು ಆಧರಿಸಿದ ಪರೀಕ್ಷಾವಿಧಾನ ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯ ಮಿತಿ ಪುರುಷರಲ್ಲಿ ಡೆಸಿಲೀಟರಿಗೆ ಸುಮಾರು 0.7–1.3 ಮಿಲಿಗ್ರಾಂ, ಸ್ತ್ರೀಯರಲ್ಲಿ 0.6–1.1 ಮಿಲಿಗ್ರಾಂ. ಶೋಧನಶಕ್ತಿಯ ಅರ್ಧದಷ್ಟು ನಷ್ಟವಾಗುವವರೆಗೂ ಈ ಅಂಕಿ ಮಿತಿಯೊಳಗೇ ಉಳಿಯಬಹುದು.

ಅಂದಾಜು ಶೋಧನ ದರ

ಈ ಕೊರತೆಯನ್ನು ನೀಗಲು ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಶೋಧನ ದರವನ್ನು ಲೆಕ್ಕ ಹಾಕಲಾಗುತ್ತದೆ. ವರದಿಗಳಲ್ಲಿ ಇದನ್ನು ಇಜಿಎಫ್‌ಆರ್ ಎಂದು ನಮೂದಿಸುತ್ತಾರೆ. 2021ರ ಸಿಕೆಡಿ-ಇಪಿಐ ಸೂತ್ರದಂತೆ, ಕ್ರಿಯಾಟಿನಿನ್ 1.2 ಇರುವ 25 ವರ್ಷದ ಪುರುಷನ ದರ ನಿಮಿಷಕ್ಕೆ ಸುಮಾರು 86 ಮಿಲಿಲೀಟರ್, ಅದೇ 1.2 ಇರುವ 60 ವರ್ಷದ ಸ್ತ್ರೀಯ ದರ ಸುಮಾರು 52 ಮಾತ್ರ. ದರವು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲಿಕ ಮೂತ್ರಪಿಂಡ ರೋಗವೆಂದು ಪರಿಗಣಿಸಲಾಗುತ್ತದೆ.

ಯೂರಿಯ ಮತ್ತು ಸಿಸ್ಟಾಟಿನ್ ಸಿ

ಪ್ರೋಟೀನಿನ ವಿಭಜನೆಯಿಂದ ಯಕೃತ್ತಿನಲ್ಲಿ ಯೂರಿಯ ಉಂಟಾಗುತ್ತದೆ. ಮೂತ್ರಪಿಂಡಗಳು ಆರೋಗ್ಯವಾಗಿದ್ದರೂ ನಿರ್ಜಲೀಕರಣ ಅಥವಾ ಜಠರದ ರಕ್ತಸ್ರಾವದಿಂದ ಇದು ಏರಬಹುದು. ಕೆಲವು ವರದಿಗಳು ಯೂರಿಯದ ಬದಲು ಅದರ ಸಾರಜನಕವನ್ನಷ್ಟೇ ಬಿಯುಎನ್ ಎಂದು ಕೊಡುತ್ತವೆ, ಅದನ್ನು 2.14ರಿಂದ ಗುಣಿಸಿದರೆ ಯೂರಿಯದ ಪ್ರಮಾಣ ದೊರೆಯುತ್ತದೆ. ಸಿಸ್ಟಾಟಿನ್ ಸಿ ಸ್ನಾಯುಗಳನ್ನು ಹೆಚ್ಚು ಅವಲಂಬಿಸುವುದಿಲ್ಲ, ಆದರೆ ಅದರ ಪರೀಕ್ಷೆ ದುಬಾರಿ.

ಮೈಸೂರು ಜಿಲ್ಲೆಯ ಸಂದರ್ಭ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯಾ ತಂಬಾಕನ್ನು ಬೆಳೆದು, ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದಗೊಳಿಸುತ್ತಾರೆ. ಇಂತಹ ಬಿಸಿಯಲ್ಲಿ ದುಡಿದು, ಸಾಕಷ್ಟು ನೀರು ಕುಡಿಯದವರ ರಕ್ತದಲ್ಲಿ ಯೂರಿಯವೂ ಕೆಲವೊಮ್ಮೆ ಕ್ರಿಯಾಟಿನಿನ್ನೂ ತಾತ್ಕಾಲಿಕವಾಗಿ ಏರಬಹುದು. ಆದ್ದರಿಂದ ಒಂದೇ ಪರೀಕ್ಷೆಯಿಂದ ದೀರ್ಘಕಾಲಿಕ ರೋಗವೆಂದು ನಿರ್ಣಯಿಸಲಾಗದು; ಮರುಪರೀಕ್ಷೆ ಅಗತ್ಯ.

ಇದಕ್ಕೆ ವ್ಯತಿರಿಕ್ತವಾದ ಅಪಾಯವೂ ಉಂಟು. ಊರಿನಲ್ಲಾಗಲಿ ಕಾಡಂಚಿನ ಹಾಡಿಯಲ್ಲಾಗಲಿ, ಪೋಷಣೆ ಸಾಲದೆ ಕೃಶರಾದವರಲ್ಲಿ ಮತ್ತು ವೃದ್ಧರಲ್ಲಿ ಸ್ನಾಯುಗಳು ಕಡಿಮೆಯಿರುವುದರಿಂದ ಕ್ರಿಯಾಟಿನಿನ್ ಕಡಿಮೆ ಉತ್ಪತ್ತಿಯಾಗುತ್ತದೆ. ಅಂಥವರಲ್ಲಿ ಲೆಕ್ಕದ ದರವು ನಿಜವಾದ ದರಕ್ಕಿಂತ ಹೆಚ್ಚಾಗಿ ಕಂಡು ರೋಗ ಮರೆಯಾಗಬಹುದು. ಆರಂಭದ ಹಂತದಲ್ಲಿ ಮೂತ್ರಪಿಂಡ ರೋಗಕ್ಕೆ ಸಾಮಾನ್ಯವಾಗಿ ಲಕ್ಷಣಗಳಿರುವುದಿಲ್ಲ. ಆ ಕಾರಣ ಮಧುಮೇಹ ಅಥವಾ ಅಧಿಕ ರಕ್ತದೊತ್ತಡ ಇರುವವರಿಗೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ವೈದ್ಯರು ಸೂಚಿಸುತ್ತಾರೆ.