ವ್ರತ ಹಿಡಿದ ಮೂರನೆಯ ದಿನ

ಶ್ರಾವಣ ಮಾಸದಲ್ಲಿಯೂ ಮಹಾಶಿವರಾತ್ರಿಯ ಸಂದರ್ಭದಲ್ಲಿಯೂ ಮಠಕ್ಕೆ ಬಂದು, ಇನ್ನು ಮುಂದೆ ಬೀಡಿ ಸಿಗರೇಟು ಮುಟ್ಟುವುದಿಲ್ಲವೆಂದು ಗುರುಸನ್ನಿಧಿಯಲ್ಲಿ ಸಂಕಲ್ಪ ಮಾಡುವ ಸದ್ಭಕ್ತರು ಬಹಳ. ಜೇಬಿನಲ್ಲಿದ್ದ ಬೀಡಿಕಟ್ಟನ್ನು ಅಲ್ಲಿಯೇ ಒಪ್ಪಿಸಿ, ವಿಭೂತಿ ಧರಿಸಿ, ಸಂತೋಷದಿಂದ ಹೋಗುತ್ತಾರೆ. ಸೋಮವಾರ ಹೀಗೆ ಹೋದವರಲ್ಲಿ ಕೆಲವರು ಗುರುವಾರದ ಹೊತ್ತಿಗೆ ಮಠದ ಮುಂದಿನ ದಾರಿ ಬಿಟ್ಟು ಬೇರೆ ಓಣಿ ಹಿಡಿದು ನಡೆಯತೊಡಗುತ್ತಾರೆ. ನಮ್ಮ ಎದುರಿಗೆ ಬಂದರೆ ಬಾಯ ವಾಸನೆ ಎಲ್ಲಿ ತಿಳಿದುಬಿಡುವುದೋ ಎಂಬ ಭಯ ಅವರಿಗೆ. ತಮ್ಮ ಭಕ್ತಿಯೇ ಗಟ್ಟಿಯಲ್ಲವೆಂದು ಅವರು ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಬಿಡಿರೆಂದು ಬೋಧಿಸುವವರು ಊರಿಗೆ ನೂರು ಮಂದಿ ಇದ್ದಾರೆ. ಬಿಟ್ಟ ಮೂರನೆಯ ದಿನ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಏನಾಗುತ್ತದೆಂದು ಹೇಳಿಕೊಡುವವರು ವಿರಳ.

ತಂಬಾಕು ಸೇದಬಾರದೆಂದು ಯಾವ ಶಾಸ್ತ್ರದಲ್ಲಿದೆ ಎಂದು ಜಾಣತನದಿಂದ ಕೇಳುವವರೂ ಉಂಟು. ಹನ್ನೆರಡನೆಯ ಶತಮಾನದ ಶರಣರು ತಂಬಾಕನ್ನು ಕಂಡವರೇ ಅಲ್ಲ. ಅದು ಈ ನಾಡಿಗೆ ಬಂದದ್ದು ನಾಲ್ಕು ಶತಮಾನಗಳ ಬಳಿಕ, ಪೋರ್ಚುಗೀಸರ ಮೂಲಕ. ಅಕ್ಬರನ ದೂತ ಅಸದ್ ಬೇಗನು ನಮ್ಮ ವಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಬಂದವನು ಮರಳುವಾಗ ತಂಬಾಕನ್ನು ಕೊಂಡೊಯ್ದು ಬಾದಶಹನ ಮುಂದಿಟ್ಟನೆಂದು ಇತಿಹಾಸ ಹೇಳುತ್ತದೆ. ಕಾಣದ ವಸ್ತುವಿನ ಹೆಸರು ಹಿಡಿದು ಶರಣರು ನಿಷೇಧಿಸಿಲ್ಲ, ಸರಿ. ಆದರೆ ಲಿಂಗಕ್ಕೆ ಅರ್ಪಿಸದೆ ಯಾವುದನ್ನೂ ಸ್ವೀಕರಿಸಬಾರದೆಂಬ ನಿಯಮವನ್ನು ಇಟ್ಟಿದ್ದಾರೆ. ಮೂಗು ಆಚಾರಲಿಂಗದ ಸ್ಥಾನ, ನಾಲಿಗೆ ಗುರುಲಿಂಗದ ಸ್ಥಾನ. ಈ ಎರಡಕ್ಕೂ ಬೀಡಿಯ ಹೊಗೆಯನ್ನು ಅರ್ಪಿಸಿ ಪ್ರಸಾದವೆನ್ನಬಹುದೇ ಎಂದು ಕೇಳಿದರೆ ಆ ಜಾಣರೂ ತಲೆ ತಗ್ಗಿಸುತ್ತಾರೆ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹೊತ್ತು ಹೊರಟರು. ಜಂಗಮನ ಜೋಳಿಗೆಗೆ ಜೋಳ, ಹಿಟ್ಟು ಬೀಳುವುದು ಲೋಕರೂಢಿ. ಅವರು ನಿಮ್ಮ ದುಶ್ಚಟಗಳನ್ನು ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಜೋಳಿಗೆಗೆ ಹಾಕುವುದು ಒಂದು ಕ್ಷಣದ ಕಾರ್ಯ. ಹಾಕಿದ್ದನ್ನು ಮರಳಿ ತೆಗೆದುಕೊಳ್ಳದಿರುವುದು ಮುಂದಿನ ಹಲವು ದಿನಗಳ ಸಾಧನೆ, ಮತ್ತು ಅದರ ಕಠಿಣ ಭಾಗವೆಲ್ಲ ಮೊದಲ ವಾರದಲ್ಲಿಯೇ ಇದೆ.

ವೈದ್ಯರು ಹೇಳುವುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ. ಹೊಗೆಯನ್ನು ಒಳಗೆಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅದರೊಳಗಿನ ನಿಕೊಟಿನ್ ಮಿದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅದರ ಅಂಶ ಅರ್ಧಕ್ಕಿಳಿಯುತ್ತದೆ. ಆಗ ಮಿದುಳು ಮತ್ತೆ ಬೇಡುತ್ತದೆ. ಇದನ್ನೇ ನಮ್ಮ ಸೀಮೆಯ ಜನ ತಲಬು ಎನ್ನುತ್ತಾರೆ. ಪೂರ್ತಿ ಬಿಟ್ಟವರಿಗೆ ಕೆಲವೇ ತಾಸುಗಳಲ್ಲಿ ಚಡಪಡಿಕೆ ತೊಡಗಿ, ಎರಡನೆಯ, ಮೂರನೆಯ ದಿನ ಅದು ವಿಕೋಪಕ್ಕೇರುತ್ತದೆ. ಸಿಟ್ಟು, ನಿದ್ರೆ ಬಾರದಿರುವುದು, ಮನಸ್ಸು ಒಂದೆಡೆ ನಿಲ್ಲದಿರುವುದು, ಅತಿಯಾದ ಹಸಿವು, ಕೆಲವರಿಗೆ ಕೆಮ್ಮು ಕೂಡ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ಬಹುಮಟ್ಟಿಗೆ ಶಮನವಾಗುತ್ತವೆ. ಇದೆಲ್ಲ ವಿಷವು ಬಿಟ್ಟುಹೋಗುವಾಗಿನ ದೇಹಧರ್ಮ. ಜ್ವರ ಬಂದವನನ್ನು ಪಾಪಿಯೆಂದು ಯಾರೂ ಕರೆಯುವುದಿಲ್ಲವಷ್ಟೆ.

ಇಲ್ಲಿ ಷಟ್‌ಸ್ಥಲ ತತ್ತ್ವದ ಒಂದು ಸೂಕ್ಷ್ಮವನ್ನು ಭಕ್ತರು ಗಮನಿಸಬೇಕು. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶ್ವರಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಆಚಾರ್ಯರು ವಿಂಗಡಿಸಿದ್ದಾರೆ. ಸಂಕಲ್ಪ ಮಾಡಿದವನು ನಿಷ್ಠೆಯೊಂದನ್ನೇ ನೆಚ್ಚುತ್ತಾನೆ. ಸಾಯುವವರೆಗೂ ಸೇದೆನೆಂದು ಹಲ್ಲು ಕಚ್ಚುತ್ತಾನೆ. ತಲಬು ಬಂದೊಡನೆ ಆ ಸಾಯುವವರೆಗಿನ ವರ್ಷಗಳೆಲ್ಲ ಒಟ್ಟಿಗೆ ಕಣ್ಣೆದುರು ನಿಂತು, ಇಷ್ಟು ಕಾಲ ಈ ಬಾಧೆಯನ್ನು ತಾಳಲಾರೆನೆಂದು ಸೋಲುತ್ತಾನೆ. ಪ್ರಸಾದಿಯ ದಾರಿ ಬೇರೆ. ಇಂದ್ರಿಯದ ಬಾಗಿಲಿಗೆ ಈಗ ಬಂದಿರುವುದೇನು, ಅದು ಲಿಂಗಕ್ಕೆ ಸಲ್ಲುವುದೋ ಸಲ್ಲದೋ ಎಂದು ಆ ಕ್ಷಣದಲ್ಲಿ ಎಚ್ಚರವಾಗಿ ನೋಡುವುದೇ ಅವಧಾನ. ಅವನಿಗೆ ನಾಳೆಯ ಲೆಕ್ಕವಿಲ್ಲ. ಬೀಡಿ ಬಿಟ್ಟವನಿಗೆ ಮೊದಲ ವಾರ ಬೇಕಾದದ್ದು ಈ ಅವಧಾನ.

ತಲಬಿನ ಆಯುಷ್ಯ ಬಹಳ ಕಡಿಮೆ. ಬಂದದ್ದು ಏರಿ, ಸಾಮಾನ್ಯವಾಗಿ ಐದು ಹತ್ತು ನಿಮಿಷಗಳಲ್ಲಿ ಇಳಿಯುತ್ತದೆ, ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಇದನ್ನು ಬಾಯಿಮಾತಿನಿಂದ ಹೇಳಿದರೆ ಯಾರೂ ನಂಬುವುದಿಲ್ಲ. ಬಸ್ಸು ಚಾಲಕರಾಗಿ ನಿವೃತ್ತರಾದ ಭಕ್ತರೊಬ್ಬರು, "ಅಜ್ಜಾರ, ಎರಡು ದಿನ ಹೆಂಗರ ತಡಕೊಂಡೆ, ಮೂರನೇ ದಿನ ಜೀವ ಹೋದಂಗಾತು" ಎಂದು ನಮ್ಮಲ್ಲಿ ಹೇಳಿಕೊಂಡರು. ಎಷ್ಟು ಹೊತ್ತು ಹಾಗಾಯಿತೆಂದು ಕೇಳಿದೆವು. ಅವರಿಗೆ ತಿಳಿದಿರಲಿಲ್ಲ, ಒಮ್ಮೆಯೂ ಗಡಿಯಾರ ನೋಡಿರಲಿಲ್ಲ. ರುದ್ರಾಕ್ಷಿಯ ಜಪಮಾಲೆಯೊಂದನ್ನು ಅವರ ಕೈಗಿತ್ತು, ತಲಬು ಬಂದೊಡನೆ ಕುಳಿತು ಒಂದು ಸುತ್ತು ಪಂಚಾಕ್ಷರಿ ಜಪ ಮಾಡಿರಿ, ಸುತ್ತು ಮುಗಿದ ಮೇಲೆ ಬೇಕೆನಿಸಿದರೆ ಯೋಚಿಸಿರಿ ಎಂದೆವು. 108 ಮಣಿಗಳು. ಉಸಿರನ್ನು ನಿಧಾನವಾಗಿ ಬಿಡುತ್ತ ಒಂದೊಂದು ಮಣಿಗೆ ಮೂರು ಸೆಕೆಂಡು ಹಿಡಿದರೂ ಐದು ನಿಮಿಷ ದಾಟುತ್ತದೆ. ಒಂದು ಸುತ್ತಿಗೆ ಆಗದಿದ್ದರೆ ಎರಡನೆಯದಕ್ಕೆ ಅದು ತಗ್ಗುತ್ತದೆ. ಬೀಡಿ ಹಿಡಿದು ರೂಢಿಯಾದ ಬೆರಳುಗಳಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ. ಮೊದಲ ದಿನ ಹದಿನಾಲ್ಕು ಸುತ್ತು ಆಯಿತೆಂದೂ ಹತ್ತನೆಯ ದಿನಕ್ಕೆ ನಾಲ್ಕಕ್ಕಿಳಿಯಿತೆಂದೂ ಅವರು ಬಂದು ತಿಳಿಸಿದರು. ಜಪದ ಲೆಕ್ಕವನ್ನು ಹೀಗೆ ಕಡಿಮೆಯಾಯಿತೆಂದು ಸಂತೋಷದಿಂದ ಒಪ್ಪಿಸಿದ ಭಕ್ತರನ್ನು ನಾವು ಮೊದಲು ಕಂಡಿರಲಿಲ್ಲ.

ಇನ್ನು ಕೆಲವು ವ್ಯವಹಾರದ ಮಾತು. ಚಹಾ ಮತ್ತು ಬೀಡಿ ಅಣ್ಣತಮ್ಮಂದಿರು. ಒಬ್ಬನನ್ನು ಕರೆದರೆ ಇನ್ನೊಬ್ಬ ತಾನಾಗಿ ಬರುತ್ತಾನೆ. ಹೊಗೆ ಸೇದುವವನ ದೇಹ ಚಹಾ ಕಾಫಿಯ ಸತ್ವವನ್ನು ಬೇಗನೆ ಕರಗಿಸುತ್ತದೆ. ಹೊಗೆ ನಿಂತ ಮೇಲೆ ಅಷ್ಟೇ ಚಹಾ ಕುಡಿದರೆ ಅದು ಹೆಚ್ಚು ಹೊತ್ತು ಒಳಗುಳಿದು ಎದೆಬಡಿತ, ನಿದ್ರೆಗೇಡುಗಳನ್ನು ಹೆಚ್ಚಿಸುತ್ತದೆ. ಆದ್ದರಿಂದ ಮೊದಲ ವಾರ ಅದನ್ನು ಅರ್ಧಕ್ಕಿಳಿಸಬೇಕು, ಕುಡಿಯುವ ಜಾಗವನ್ನೂ ಬದಲಿಸಬೇಕು. ಮುಂಜಾನೆ ಒಂದು ಸೇದದೆ ಹೊಟ್ಟೆ ಸಾಫಾಗುವುದಿಲ್ಲವೆಂಬುದು ಹಿರಿಯರ ದೊಡ್ಡ ಅಳಲು. ಇದು ಸುಳ್ಳಲ್ಲ, ಬಿಟ್ಟ ಹೊಸತರಲ್ಲಿ ಮಲಬದ್ಧತೆ ಆಗುವುದುಂಟು. ಎದ್ದೊಡನೆ ಬಿಸಿನೀರು, ಊಟದಲ್ಲಿ ಸೊಪ್ಪು, ಕಾಳು, ಜೋಳದ ರೊಟ್ಟಿ ಇದ್ದರೆ ಕೆಲವು ದಿನಗಳಲ್ಲಿ ದೇಹ ತನ್ನ ಕ್ರಮ ಹಿಡಿಯುತ್ತದೆ. ಇಷ್ಟಕ್ಕಾಗಿ ಮತ್ತೆ ಬೀಡಿ ಹಚ್ಚುವುದು ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟಂತೆ.

ಬಾಯಿಗೆ ಏನಾದರೂ ಬೇಕೆನಿಸಿದಾಗ ಸೋಂಪು, ಲವಂಗ, ಏಲಕ್ಕಿ, ಒಣಗಿಸಿದ ನೆಲ್ಲಿಕಾಯಿ ಇಟ್ಟುಕೊಳ್ಳಬಹುದು. ಗುಟ್ಕಾ, ಜರ್ದಾಗಳಿಗೆ ಕೈ ಹಾಕಿದವನು ಬಿಟ್ಟಂತಾಗಲಿಲ್ಲ, ನಿಕೊಟಿನ್ ಅದೇ. ಬರೀ ಅಡಿಕೆಯೂ ನಿರಪಾಯಕಾರಿಯಲ್ಲ. ಅದು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಸಾರಿದೆ.

ಔಷಧ ತೆಗೆದುಕೊಂಡರೆ ವ್ರತಕ್ಕೆ ಭಂಗ ಬರುವುದೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಖಂಡಿತ ಇಲ್ಲ. ಎದ್ದ ಅರ್ಧ ತಾಸಿನೊಳಗೆ ಮೊದಲನೆಯದನ್ನು ಹಚ್ಚುವಂಥವರಿಗೆ ಚಟ ಆಳವಾಗಿ ಬೇರೂರಿರುತ್ತದೆ. ಅವರಿಗೆ ನಿಕೊಟಿನ್ ಇರುವ ಚೂಯಿಂಗ್ ಗಮ್ಮನ್ನೋ ಬೇರೆ ಮಾತ್ರೆಗಳನ್ನೋ ಕೆಲವು ಕಾಲ ವೈದ್ಯರು ಸೂಚಿಸುವುದುಂಟು. ಹೃದ್ರೋಗವಿದ್ದವರು, ಬಿಟ್ಟ ಬಳಿಕ ತೀರ ಮಂಕಾಗಿ ಕುಳಿತವರು ತಡಮಾಡದೆ ವೈದ್ಯರನ್ನು ಕಾಣಬೇಕು. ಬೀಡಿ ಸಿಗರೇಟಿನ ಪೊಟ್ಟಣದ ಮೇಲೆಯೇ 1800-11-2356 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಬಿಡಲು ನೆರವಾಗುವ ಈ ಉಚಿತ ದೂರವಾಣಿ ಸೇವೆಯನ್ನು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿತು. ವಿಷದ ಪೊಟ್ಟಣದ ಮೇಲೆಯೇ ಬಿಡುಗಡೆಯ ದಾರಿ ಬರೆದಿದ್ದರೂ ಓದುವವರಿಲ್ಲ.

ಮನೆಯ ತಾಯಂದಿರಿಗೂ ಒಂದು ಮಾತು. ಯಜಮಾನರು ಬಿಟ್ಟ ಮೊದಲ ವಾರ ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಮಕ್ಕಳು ಗದ್ದಲ ಮಾಡಿದರೆಂದು ಸಿಡುಕುತ್ತಾರೆ. "ಇದಕ್ಕಿಂತ ನೀವು ಸೇದಿದ್ದರೇ ನೆಟ್ಟಗಿತ್ತು" ಎಂಬ ಮಾತು ಮಾತ್ರ ಬಾಯಿಂದ ಬರಬಾರದು. ಆ ಒಂದು ಮಾತಿಗೇ ಅಂಗಡಿಗೆ ಎದ್ದುಹೋದವರನ್ನು ನಾವು ಬಲ್ಲೆವು. ಹಾಗೆಂದು ಸಿಟ್ಟನ್ನೆಲ್ಲ ಮನೆಯವರ ಮೇಲೆ ಸುರಿಯಲು ವ್ರತವು ಯಜಮಾನರಿಗೆ ಪರವಾನಗಿ ಕೊಡುವುದಿಲ್ಲ. ಸಿಟ್ಟು ಬಂದಾಗ ಹೊರಗೆ ಹೊಲದ ಕಡೆಗೆ ಒಂದು ಸುತ್ತು ನಡೆದು ಬರಲಿ, ಅದರಿಂದ ತಲಬೂ ತಗ್ಗುತ್ತದೆ.

ಕಡೆಯದಾಗಿ, ನಡುವೆ ಎಡವಿದವರ ವಿಷಯ. ಒಂದನ್ನು ಸೇದಿದ ಮಾತ್ರಕ್ಕೆ ಹಿಂದಿನ ಮೂರು ದಿನಗಳು ಅಳಿಸಿಹೋಗುವುದಿಲ್ಲ. ಹೇಗೂ ವ್ರತ ಕೆಟ್ಟಿತೆಂದು ಇಡೀ ಕಟ್ಟು ಕೊಳ್ಳುತ್ತಾರಲ್ಲ, ಹಾನಿ ಅಲ್ಲಿದೆ. ಅಂಥವರು ಓಣಿ ಬದಲಿಸದೆ ನೇರವಾಗಿ ಮಠಕ್ಕೆ ಬರಲಿ. ನಾವು ಅವರಿಗೆ ಹೇಳುವ ಪ್ರಾಯಶ್ಚಿತ್ತ ಇಷ್ಟೇ: ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆಯಲ್ಲಿದ್ದಾಗ ಸೇದಿದೆನೆಂದು ಒಂದು ಚೀಟಿಯಲ್ಲಿ ಬರೆದು ತರಬೇಕು. ಇದುವರೆಗೆ ಬಂದ ಚೀಟಿಗಳಲ್ಲಿ ಎರಡೇ ಸ್ಥಳಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಬಸ್ ನಿಲ್ದಾಣದ ಚಹಾದಂಗಡಿ; ಇನ್ನೊಂದು, ಮದುವೆ ಮನೆಯ ಹಿತ್ತಲು.